ದಿನ ಬಿಟ್ಟು ದಿನ ನೀರು, ಮನೆಯಲ್ಲಿ 14 ತಿಂಗಳ ಪೋರ: ಬಾತ್‌ರೂಮನ್ನು ಏನು ಮಾಡೋಣ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಾವು ವಿಜಯಪುರದ ಕಡೆಯವರು. ಐದು ವರ್ಷದಿಂದ ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ಚಿಖಲಿಯಲ್ಲಿ ಬಾಡಿಗೆ ಫ್ಲ್ಯಾಟಿನಲ್ಲಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ 14 ತಿಂಗಳು. ಇಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಹಾಗಾಗಿ ಬಾತ್‌ರೂಮಿನಲ್ಲಿ ನೂರು ಲೀಟರಿನ ಒಂದು ನೀಲಿ ಡ್ರಮ್, ಎರಡು ಬಕೆಟ್ ಸದಾ ತುಂಬಿರುತ್ತವೆ. ಕಳೆದ ವಾರ ನಾನು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ ಮಗ ಬಾತ್‌ರೂಮಿಗೆ ಹೋಗಿ, ಬಕೆಟಿನೊಳಗೆ ತೇಲುತ್ತಿದ್ದ ಮಗ್ ಹಿಡಿಯಲು ಬಗ್ಗಿದ್ದ. ಎರಡೂ ಕಾಲು ನೆಲ ಬಿಟ್ಟಿದ್ದವು. ಒಂದು ಚೂರೂ ಸದ್ದಿರಲಿಲ್ಲ. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅತ್ತೆಯವರು 'ಬಕೆಟ್ ನೀರಾಗ ಯಾರರ ಮುಳುಗ್ತಾರೇನು? ನಾ ಐದು ಮಕ್ಕಳನ್ನ ಬೆಳೆಸೀನಿ' ಅನ್ನುತ್ತಾರೆ. ಯಜಮಾನರು ಆನ್‌ಲೈನಿನಲ್ಲಿ ಬೇಬಿ ಬಾತ್ ಸೀಟು, ಜಾರದ ಮ್ಯಾಟು, ಕಮೋಡಿನ ಲಾಕು, ಮೂಲೆಗೆ ಹಚ್ಚುವ ರಬ್ಬರು ಅಂತ ಎಂಟು ಸಾವಿರ ರೂಪಾಯಿಯ ಸಾಮಾನು ಆರಿಸಿಟ್ಟಿದ್ದಾರೆ. ಬಿಸಿ ನೀರು ಸೊಸೈಟಿಯ ಸೋಲಾರಿನಿಂದ ಬರುತ್ತದೆ, ಮಳೆಗಾಲದಲ್ಲಿ ಬಕೆಟಿಗೆ ರಾಡ್ ಹಾಕುತ್ತೇವೆ. ಬಾಗಿಲು ಹಾಕಿಡೋಣ ಅಂದರೆ ಮಗಳು ಈಗಷ್ಟೇ ತಾನೇ ಹೋಗಿ ಬರಲು ಕಲಿತಿದ್ದಾಳೆ. ನಿಜವಾಗಿ ಏನು ಬೇಕು, ಏನು ಬೇಡ?

ಉತ್ತರ: ತಂಗಿ, ನೀವು ಹೆದರಿದ್ದು ಸರಿಯಾಗಿಯೇ ಇದೆ. ಅತ್ತೆಯವರ ಮಾತಿಗೆ ಆಮೇಲೆ ಬರುತ್ತೇನೆ. ಯಜಮಾನರಿಗೆ ಮಾತ್ರ ಈಗಲೇ ಹೇಳಿಬಿಡಿ, ಆ ಎಂಟು ಸಾವಿರ ಸ್ವಲ್ಪ ತಡೆಯಲಿ. ನಿಮ್ಮ ಮನೆಗೆ ಬೇಕಾದದ್ದರಲ್ಲಿ ಮುಖ್ಯವಾದ ಎರಡು ಕೆಲಸಕ್ಕೆ ಇನ್ನೂರು ರೂಪಾಯಿ ಸಾಕು.

ಬಕೆಟಿನಲ್ಲಿ ಮಗು ಮುಳುಗುತ್ತದೆ. ಇದರಲ್ಲಿ ಅನುಮಾನವೇ ಇಲ್ಲ. ಎರಡು ಇಂಚು, ಅಂದರೆ ಐದು ಸೆಂಟಿಮೀಟರ್ ನೀರಿದ್ದರೂ ಸಾಕು, ಮೂಗು ಬಾಯಿ ಮುಚ್ಚಿದರೆ ಮುಗಿಯಿತು. ನಾವು ನೀವು ಬಗ್ಗಿದರೆ ಮೈಯ ಭಾರ ಸೊಂಟದ ಹತ್ತಿರ ಇರುತ್ತದೆ. ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ತಲೆಯ ಭಾರ ಜಾಸ್ತಿ. ಬಕೆಟಿನ ಅಂಚು ಅವನ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಬಗ್ಗಿದರೆ ತಲೆ ಒಳಗೆ, ಕಾಲು ಮೇಲೆ. ತಿರುಗಿ ಮೇಲೇಳಬೇಕಾದರೆ ಎರಡೂ ಕೈ ತಳಕ್ಕೆ ಊರಿ ಮೈ ಎತ್ತಬೇಕು. ತೋಳಿನಲ್ಲಿ ಅಷ್ಟು ಬಲ ಇರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ನಿಮ್ಮದು 20 ಲೀಟರಿನ ಬಕೆಟ್ ಅಂತಿಟ್ಟುಕೊಳ್ಳೋಣ. ಅರ್ಧ ತುಂಬಿದ್ದರೆ ಹತ್ತು ಕೆಜಿ. ನಿಮ್ಮ ಮಗನ ತೂಕವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಖಾಲಿ ಬಕೆಟ್ ಆಗಿದ್ದರೆ ಅವನ ಜೊತೆ ಅದೂ ಉರುಳುತ್ತಿತ್ತು, ಮಗು ಅತ್ತು ಎದ್ದು ಬರುತ್ತಿತ್ತು. ನೀರಿರುವ ಬಕೆಟ್ ಉರುಳುವುದಿಲ್ಲ. ಕಂಬದ ಹಾಗೆ ನಿಲ್ಲುತ್ತದೆ.

ಸದ್ದಿರಲಿಲ್ಲ ಅಂದಿರಿ. ಇರುವುದೇ ಇಲ್ಲ. ಮೂಗು ಬಾಯಿ ನೀರಿನಲ್ಲಿರುವಾಗ ಕೂಗುವುದು ಹೇಗೆ? ಬಹಳ ಮಂದಿ ತಂದೆ ತಾಯಿ ನನ್ನ ಮುಂದೆ ಕೂತು 'ನಾವು ಪಕ್ಕದ ರೂಮಿನಲ್ಲೇ ಇರ್ತೀವಲ್ಲ, ಕೇಳಿಸ್ತದೆ' ಅನ್ನುತ್ತಾರೆ. ಕೇಳಿಸುವುದಿಲ್ಲ. ನಾಲ್ಕೈದು ನಿಮಿಷ ಉಸಿರಿಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಕುಕ್ಕರ್ ಇಳಿಸಿ, ಒಗ್ಗರಣೆ ಹಾಕಿ, ಗ್ಯಾಸ್ ಒರೆಸುವ ಹೊತ್ತು ಅಷ್ಟೇ.

ಈಗ ಅತ್ತೆಯವರ ಮಾತು. ಅವರು ಸುಳ್ಳು ಹೇಳುತ್ತಿಲ್ಲ. ಅವರ ಕಾಲದ ಬಚ್ಚಲು ಬೇರೆ ಇತ್ತು. ಹಂಡೆ ಒಲೆಯ ಮೇಲೆ ಕೂತಿರುತ್ತಿತ್ತು, ಮೇಲೊಂದು ತಟ್ಟೆ ಮುಚ್ಚಿರುತ್ತಿತ್ತು. ಬಚ್ಚಲು ಹಿತ್ತಲ ಕಡೆ, ಹೋಗುವ ದಾರಿಯಲ್ಲಿ ಎತ್ತರದ ಹೊಸ್ತಿಲು. ಮನೆ ತುಂಬ ಜನ. ಅಂಬೆಗಾಲಿನ ಕೂಸು ಅಲ್ಲಿಯವರೆಗೆ ಹೋಗುವುದರೊಳಗೆ ಯಾರೋ ಒಬ್ಬರು ಎತ್ತಿಕೊಳ್ಳುತ್ತಿದ್ದರು. ನಿಮ್ಮ ಫ್ಲ್ಯಾಟಿನಲ್ಲಿ ಹಾಲಿನಿಂದ ಬಾತ್‌ರೂಮಿಗೆ ಏಳೆಂಟು ಹೆಜ್ಜೆ, ಹೊಸ್ತಿಲು ಇದ್ದರೂ ಎರಡು ಬೆರಳು ಎತ್ತರ. ಮತ್ತೆ ಆಗಲೂ ಹೋದ ಮಕ್ಕಳಿದ್ದಾರೆ, ಅವರ ಲೆಕ್ಕ ಮನೆಯಲ್ಲಿ ಯಾರೂ ಆಡುವುದಿಲ್ಲ. ಇದನ್ನು ಅತ್ತೆಯವರ ಮುಂದೆ ವಾದದ ಹಾಗೆ ಹೇಳಬೇಡಿ. ಹಂಡೆಗೆ ತಟ್ಟೆ ಮುಚ್ಚುತ್ತಿದ್ದಿರಾ ಅಂತ ಸುಮ್ನೆ ಕೇಳಿ. ಹೌದು ಅಂದರೆ, ನಮ್ಮ ಡ್ರಮ್ಮಿಗೂ ಮುಚ್ಚೋಣ ಅನ್ನಿ.

ನೀರಿನ ವಿಷಯ

ಮಕ್ಕಳ ಸುರಕ್ಷತೆಯ ಯಾವ ಪಟ್ಟಿ ತೆಗೆದರೂ ಮೊದಲ ಸಾಲು 'ಮನೆಯಲ್ಲಿ ನೀರು ನಿಲ್ಲಿಸಬೇಡಿ' ಅಂತಿರುತ್ತದೆ. ಇಪ್ಪತ್ನಾಲ್ಕು ತಾಸು ನಲ್ಲಿ ಬರುವ ಊರಿನವರು ಬರೆದ ಪಟ್ಟಿ ಅದು. ಪಿಂಪ್ರಿ-ಚಿಂಚವಾಡದಲ್ಲಿ 2019ರ ನವೆಂಬರ್‌ನಲ್ಲಿ ದಿನ ಬಿಟ್ಟು ದಿನ ನೀರು ಅಂತ ಶುರುವಾಯಿತು. ಊರಿಗೆ ನೀರು ಕೊಡುವ ಪವನಾ ಅಣೆಕಟ್ಟು ತುಂಬಿದ ವರ್ಷವೂ ನಮ್ಮ ಕಡೆ ಡ್ರಮ್ ತಪ್ಪಿದ್ದಿಲ್ಲ. ನನ್ನ ಮನೆಯಲ್ಲೂ ಇದೆ. ಆದ್ದರಿಂದ ನೀರು ತುಂಬಿಡಬೇಡಿ ಅಂತ ನಾನು ಹೇಳುವುದಿಲ್ಲ. ಎಲ್ಲಿ, ಯಾವುದರಲ್ಲಿ ತುಂಬಿಡಬೇಕು ಅಂತ ನೋಡೋಣ.

ಬಕೆಟ್ ಮೊದಲು. ಬಕೆಟ್ ನೀರು ಕೂಡಿಡುವ ಪಾತ್ರೆಯಲ್ಲ, ಸ್ನಾನಕ್ಕೆ ಹಿಡಿದುಕೊಳ್ಳುವ ಪಾತ್ರೆ. ಸ್ನಾನ ಮುಗಿದ ಕೂಡಲೇ ಉಳಿದದ್ದನ್ನು ಡ್ರಮ್ಮಿಗೋ ಫ್ಲಶ್ಶಿಗೋ ಸುರಿದು ಬೋರಲು ಹಾಕಿ. ಮಗ್ ಅನ್ನು ಗೋಡೆಯ ಮೊಳೆಗೆ ತೂಗುಹಾಕಿ. ಅವತ್ತು ನಿಮ್ಮ ಮಗನನ್ನು ಕರೆದದ್ದು ನೀರಲ್ಲ, ತೇಲುತ್ತಿದ್ದ ಮಗ್. ಕೆಲಸದ ಮಾವಶಿ ಬಟ್ಟೆ ನೆನೆಸಿಟ್ಟು ಮುಂದಿನ ಮನೆಗೆ ಹೋಗುವ ರೂಢಿ ಇದ್ದರೆ ಅದನ್ನೂ ನಿಲ್ಲಿಸಿ. ಸೋಪಿನ ನೀರಿನ ಟಬ್ಬು ಅಗಲ ಜಾಸ್ತಿ, ಆಳ ಕಮ್ಮಿ ಅಂತ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನೆಲ ಒರೆಸುವ ಬಕೆಟ್ಟೂ ಇದೇ ಲೆಕ್ಕಕ್ಕೆ ಸೇರಿತು.

ಡ್ರಮ್ ಇವತ್ತಿಗೆ ಅಷ್ಟು ಅಪಾಯವಲ್ಲ. ಈ ವಯಸ್ಸಿನ ಮಗು ಸುಮಾರು 78 ಸೆಂಟಿಮೀಟರ್ ಎತ್ತರ ಇರುತ್ತದೆ, ಡ್ರಮ್ ಹೆಚ್ಚುಕಮ್ಮಿ ಅವನಷ್ಟೇ ಎತ್ತರ. ಆದರೆ ಇನ್ನು ನಾಲ್ಕೈದು ತಿಂಗಳಿಗೆ ಅವನು ಸ್ಟೂಲ್ ಎಳೆದುಕೊಂಡು ಹತ್ತಲು ಕಲಿಯುತ್ತಾನೆ. ನೀವು ಬೋರಲು ಹಾಕಿದ ಬಕೆಟ್ಟೇ ಅವನಿಗೆ ಮೆಟ್ಟಿಲಾಗಬಹುದು! ಬೋರಲು ಹಾಕಿದ್ದನ್ನು ಡ್ರಮ್ಮಿನ ಪಕ್ಕದಲ್ಲಿಡಬೇಡಿ ಅಂತ ಹೇಳಲು ಇದೇ ಕಾರಣ. ಡ್ರಮ್ಮಿನ ಮೇಲೆ ಸುಮ್ಮನೆ ಕೂರುವ ಮುಚ್ಚಳ ಸಾಲದು. ಮಗು ಅಂಚಿಗೆ ಕೈ ಊರಿದರೆ ಅದು ಒಂದು ಕಡೆ ಎದ್ದುಬಿಡುತ್ತದೆ. ತಿರುಗಿಸಿ ಹಾಕುವ ಮುಚ್ಚಳವೋ ಸುತ್ತ ಕಬ್ಬಿಣದ ಪಟ್ಟಿ ಬಿಗಿಯುವ ಮುಚ್ಚಳವೋ ಇರುವ ಡ್ರಮ್ ಸಿಗುತ್ತದೆ. ಒಂದು ಎಚ್ಚರಿಕೆ: ರಸ್ತೆ ಬದಿ ಅಗ್ಗಕ್ಕೆ ಸಿಗುವ ನೀಲಿ ಡ್ರಮ್ಮುಗಳಲ್ಲಿ ಮೊದಲು ಯಾವ ಕಾರ್ಖಾನೆಯ ಏನು ತುಂಬಿತ್ತೋ ಯಾರಿಗೆ ಗೊತ್ತು. ಭೋಸರಿ, ಚಾಕಣ ಕಡೆ ಇಂಥವು ಬೇಕಾದಷ್ಟಿವೆ. ಮಕ್ಕಳಿಗೆ ಎರೆಯುವ ನೀರಿಗೆ ಅದು ಬೇಡ.

ಬಿಗಿ ಮುಚ್ಚಳಕ್ಕೆ ಇನ್ನೊಂದು ಲಾಭವಿದೆ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಗಟಾರದಲ್ಲಿ ಅಲ್ಲ, ಹೀಗೆ ಮನೆಯಲ್ಲಿ ಕೂಡಿಟ್ಟ ತಿಳಿ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಒಳಗೋಡೆ ತಿಕ್ಕಿ ತೊಳೆದರೆ ಅದೂ ಮುಗಿಯಿತು.

ಡ್ರಮ್ಮನ್ನೇ ಬಿಡುವುದಾದರೆ ಎರಡು ದಾರಿ. ಸಣ್ಣ ಬಾಯಿಯ 20 ಲೀಟರಿನ ಕ್ಯಾನು ಐದು ಇಟ್ಟುಕೊಳ್ಳಬಹುದು. ಮಗುವಿನ ಕೈ ಹೋದೀತು, ತಲೆ ಹೋಗುವುದಿಲ್ಲ. ತೊಂದರೆ ಅಂದರೆ ಎತ್ತಿ ಬಗ್ಗಿಸುವುದು. ನಿಮ್ಮ ಸೊಂಟಕ್ಕೂ ಅತ್ತೆಯವರ ಮಂಡಿಗೂ ಅದು ಕಷ್ಟ, ಒಳಗೆ ಕೈ ಹಾಕಿ ತೊಳೆಯಲೂ ಆಗುವುದಿಲ್ಲ. ಎರಡನೆಯದು, ಬಾತ್‌ರೂಮಿನ ಮೇಲಿನ ಲಾಫ್ಟಿನಲ್ಲಿ ಒಂದು ಸಣ್ಣ ಟ್ಯಾಂಕ್ ಕೂರಿಸಿ ನಲ್ಲಿಗೆ ಜೋಡಿಸುವುದು. ನನಗೆ ಇದೇ ಹೆಚ್ಚು ಇಷ್ಟ, ನೆಲದ ಮೇಲೆ ನೀರೇ ಇರುವುದಿಲ್ಲ. ಆದರೆ 200 ಲೀಟರ್ ಅಂದರೆ 200 ಕೆಜಿ. ಲಾಫ್ಟಿನ ಸ್ಲ್ಯಾಬು ಅದನ್ನು ತಡೆಯುತ್ತದೆಯೇ ಅಂತ ತಿಳಿದವರು ನೋಡಬೇಕು. ಬಾಡಿಗೆ ಮನೆ, ಮಾಲೀಕರನ್ನೂ ಕೇಳಬೇಕು. ಕೇಳಿ ನೋಡಿ, ಬೇಡ ಅಂದರೆ ಬಿಗಿ ಮುಚ್ಚಳದ ಡ್ರಮ್ ಇದ್ದೇ ಇದೆ. ಅದನ್ನು ಡ್ರೈ ಬಾಲ್ಕನಿಯಲ್ಲಿ, ಅಂದರೆ ಅಡುಗೆಮನೆಗೆ ಹೊಂದಿಕೊಂಡ ಪಾತ್ರೆ-ಬಟ್ಟೆ ತೊಳೆಯುವ ಜಾಗದಲ್ಲಿ, ಇಡಲು ಜಾಗವಿದ್ದರೆ ಇನ್ನೂ ಒಳ್ಳೆಯದು.

ಬಾಗಿಲು

ಬಾಗಿಲ ಹೊರಗಡೆ ನಿಮ್ಮ ಭುಜದ ಎತ್ತರಕ್ಕೆ ಒಂದು ಕೊಂಡಿ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಐವತ್ತು ರೂಪಾಯಿ ಒಳಗೆ ಬರುತ್ತದೆ. ನಾಲ್ಕು ವರ್ಷದ ಮಗಳಿಗೆ ಅದು ಸಿಗುವುದಿಲ್ಲ, ನಿಜ. ಪ್ರತಿ ಸಲ 'ಅಮ್ಮಾ' ಅಂತ ಕೂಗಬೇಕಾಗುತ್ತದೆ. ನಿಮಗೆ ಒಂದು ವರ್ಷ ಆ ಕಿರಿಕಿರಿ ಇರುತ್ತದೆ. 'ಅವಳಿಗೆ ಬಾಗಿಲು ಹಾಕಿ ಬಾ ಅಂತ ಕಲಿಸಿದ್ದೀವಿ' ಅನ್ನುವ ಮನೆಗಳಿವೆ. ಕಲಿಸಿ, ಒಳ್ಳೆಯದೇ. ಆದರೆ ತಮ್ಮನ ಜೀವದ ಹೊಣೆಯನ್ನು ನಾಲ್ಕು ವರ್ಷದ ಮಗುವಿನ ನೆನಪಿಗೆ ಬಿಡಬೇಡಿ. ಏನಾದರೂ ಆದರೆ ಆ ಹುಡುಗಿ ಅದನ್ನು ಜೀವನಪೂರ್ತಿ ಹೊರಬೇಕಾಗುತ್ತದೆ.

ಕೊಂಡಿ ಹಾಕಲು ಒಂದಲ್ಲ ಒಂದು ದಿನ ನೀವೂ ಮರೆಯುತ್ತೀರಿ. ನಾನೂ ಮರೆತಿದ್ದೇನೆ. ಅದಕ್ಕೇ ಬಕೆಟ್ ಬೋರಲು ಹಾಕಿ ಅಂದದ್ದು. ಬಾಗಿಲು ತೆರೆದಿದ್ದು ಒಳಗೆ ನೀರಿಲ್ಲದಿದ್ದರೆ ಮಗ ಹೋಗಿ ನಲ್ಲಿ ತಿರುಗಿಸಿ ಬಟ್ಟೆ ಒದ್ದೆ ಮಾಡಿಕೊಂಡು ಬರುತ್ತಾನೆ, ಅಷ್ಟೇ. ಎರಡೂ ಒಂದೇ ದಿನ ತಪ್ಪುವುದು ಅಪರೂಪ.

ಒಳಗಿನ ಚಿಲಕದ ಬಗ್ಗೆ ನನ್ನದೇ ಒಂದು ಕಥೆ ಇದೆ. ನನ್ನ ಮಗಳಿಗೆ ಎರಡು ವರ್ಷ ಇದ್ದಾಗ ಬಾಡಿಗೆ ಮನೆಯ ಬಾತ್‌ರೂಮಿನೊಳಗೆ ಹೋಗಿ ಕೆಳಗಿನ ಚಿಲಕ ಎಳೆದುಕೊಂಡಳು. ಹಾಕಲು ಬಂತು, ತೆಗೆಯಲು ಬರಲಿಲ್ಲ. ನಾನು ಮಕ್ಕಳ ಡಾಕ್ಟರು, ಹೊರಗೆ ನಿಂತು ಬೆವರುತ್ತಿದ್ದೆ. ಒಳಗೆ ಅರ್ಧ ಬಕೆಟ್ ನೀರಿದೆ ಅಂತ ನನಗೆ ಗೊತ್ತಿತ್ತು. ಬಡಗಿ ಬರುವವರೆಗೆ ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ಹಾಡು ಹೇಳುತ್ತಾ ಅವಳನ್ನು ಬಾಗಿಲ ಹತ್ತಿರವೇ ಕೂರಿಸಿದಳು. ಮಾರನೆಯ ದಿನ ಕೆಳಗಿನ ಚಿಲಕ ಬಿಚ್ಚಿಸಿ ಮೇಲೆ ಹಾಕಿಸಿದೆ. ನೀವೂ ಹಾಗೇ ಮಾಡಿ. ಗುಂಡಿ ಒತ್ತುವ ಲಾಕ್ ಇದ್ದರೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸುವ ಥರದ್ದು ಹಾಕಿಸಿ. ಅಲ್ಲಿಯವರೆಗೆ ಬಾಗಿಲ ಮೇಲೆ ಒಂದು ದಪ್ಪ ಟವೆಲ್ ಎಸೆದಿಡಿ, ಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ.

ಬಿಸಿ ನೀರು

ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟ ವಿಷಯ ಇದು. ನನಗೆ ಹೆಚ್ಚು ಚಿಂತೆ ಇದರದ್ದೇ.

ಗೀಸರಿಗೆ ಒಂದು ಥರ್ಮೋಸ್ಟಾಟ್ ಇರುತ್ತದೆ, ಇಷ್ಟು ಕಾದರೆ ಸಾಕು ಅಂತ ತಾನೇ ನಿಲ್ಲುತ್ತದೆ. ಸೋಲಾರಿಗೆ ಸೂರ್ಯನೇ ಯಜಮಾನ. 60 ಡಿಗ್ರಿ ಅನ್ನುವುದು ಸೋಲಾರಿಗೆ ಮಾಮೂಲು, ಏಪ್ರಿಲ್-ಮೇ ಬಿಸಿಲಿಗೆ 70 ದಾಟುವುದೂ ಉಂಟು. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಗುವಿನ ಚರ್ಮ ತೆಳು, ಅದಕ್ಕಿಂತ ಬೇಗ. ಅದೇ 49 ಡಿಗ್ರಿ ನೀರಾದರೆ ಅಷ್ಟು ಸುಡಲು ಕೆಲವು ನಿಮಿಷ ಬೇಕು, ಅಂದರೆ ಮಗುವನ್ನು ಎತ್ತಿಕೊಳ್ಳಲು ನಮಗೆ ಹೊತ್ತು ಸಿಗುತ್ತದೆ.

ಸೋಲಾರಿನ ನಿಜವಾದ ತೊಂದರೆ ಪೈಪಿನದು. ಬೆಳಿಗ್ಗೆ ನಲ್ಲಿ ಬಿಟ್ಟರೆ ಮೊದಲು ಪೈಪಿನಲ್ಲಿ ನಿಂತ ತಣ್ಣೀರು ಬರುತ್ತದೆ. ಬಿಸಿ ನೀರು ತಾರಸಿಯಿಂದ ಕೆಳಗಿಳಿಯಲು ಹೊತ್ತು ಬೇಕು. ಹಾಗಾಗಿ ನಮ್ಮ ಊರಿನವರೆಲ್ಲ ಏನು ಮಾಡುತ್ತಾರೆ? ಬಕೆಟ್ ಕೆಳಗಿಟ್ಟು, ನಲ್ಲಿ ಬಿಟ್ಟು, ಚಹಾಕ್ಕೆ ಇಡಲು ಹೋಗುತ್ತಾರೆ. ಮೊದಲು ಮುಟ್ಟಿ ನೋಡಿದಾಗ ತಣ್ಣಗಿದ್ದ ನೀರು ಐದು ನಿಮಿಷದಲ್ಲಿ ಕುದಿ ಬಂದ ಹಾಗೆ ಇರುತ್ತದೆ. ಆ ಐದು ನಿಮಿಷ ಬಾತ್‌ರೂಮಿನಲ್ಲಿ ಯಾರೂ ಇಲ್ಲ, ಬಾಗಿಲು ತೆರೆದಿದೆ, ನೆಲದ ಮೇಲೆ ಕುಣಿಯುವ ನೀರಿನ ಸದ್ದು ಮಗುವನ್ನು ಕರೆಯುತ್ತಿದೆ. ನನ್ನ ಬಳಿ ಬಂದ ಬಾತ್‌ರೂಮಿನ ಸುಟ್ಟಗಾಯಗಳಲ್ಲಿ ಬಹುಪಾಲು ಬೆಳಗಿನ ಆ ಹೊತ್ತಿನವೇ. ಮಗುವನ್ನು ಸ್ನಾನಕ್ಕೆ ಕೂರಿಸಿದಾಗಿನವು ಕಮ್ಮಿ.

ಆದ್ದರಿಂದ ಬಿಸಿ ನೀರು ಬಿಟ್ಟವರು ಅಲ್ಲೇ ನಿಲ್ಲಬೇಕು, ಇಲ್ಲವೇ ಹೊರಗಿನ ಕೊಂಡಿ ಹಾಕಿ ಹೋಗಬೇಕು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ನಮ್ಮಲ್ಲಿ ಉಲ್ಟಾ ರೂಢಿ: ಬಿಸಿ ನೀರು ಹಿಡಿದಿಟ್ಟುಕೊಂಡು 'ಬೆರಕೆ' ಹಾಕಿಕೊಳ್ಳುವುದು. ಬೆರಕೆ ಹಾಕುವ ಮುಂಚಿನ ಆ ಅರ್ಧ ಬಕೆಟ್ಟೇ ಅಪಾಯ.

ನೀರಿನ ಹದ ನೋಡಲು ಅಂಗೈ ಬೇಡ. ವಿಶೇಷವಾಗಿ ಅತ್ತೆಯವರ ಅಂಗೈ ಬೇಡವೇ ಬೇಡ! ಐವತ್ತು ವರ್ಷ ಬಿಸಿ ಹೆಂಚಿನ ಮೇಲೆ ರೊಟ್ಟಿ ಬಡಿದ ಕೈಗೆ ಬಿಸಿ ತಿಳಿಯುವುದೇ ಇಲ್ಲ. ಮೊಣಕೈ ಅದ್ದಿ ನೋಡಲಿ. ಬೆಚ್ಚಗೆ ಅನಿಸಿದರೆ ಸಾಕು, ಬಿಸಿ ಅನಿಸಿದರೆ ಜಾಸ್ತಿಯಾಯಿತು. ಲೆಕ್ಕದಲ್ಲಿ ಹೇಳುವುದಾದರೆ 37-38 ಡಿಗ್ರಿ. 'ಸುಡುಸುಡು ನೀರು ಹಾಕಿದ್ರ ಎಲುಬು ಗಟ್ಟಿ ಆಗ್ತಾವ, ಕೂಸು ಚಲೋ ನಿದ್ದಿ ಮಾಡ್ತದ' ಅನ್ನುವುದು ನಮ್ಮ ಕಡೆಯ ಮಾತು. ನಿದ್ದೆ ಬರುವುದು ಎಣ್ಣೆ ತಿಕ್ಕಿ ಮೈ ಹಗುರಾದದ್ದರಿಂದ, ಅಜ್ಜಿಯ ಕೈಯ ಹಿತದಿಂದ. ಎಲುಬಿಗೂ ಬಿಸಿ ನೀರಿಗೂ ಸಂಬಂಧವಿಲ್ಲ.

ಅಂದ ಮಾತ್ರಕ್ಕೆ ಅಜ್ಜಿ ಎರೆಯುವುದನ್ನು ಬಿಡಿಸಬೇಡಿ. ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವ ನಮ್ಮ ಪದ್ಧತಿಯಲ್ಲಿ ಒಂದು ಕೈ ಸದಾ ಮಗುವಿನ ಮೇಲಿರುತ್ತದೆ, ಮಗು ನಿಂತ ನೀರಿನಲ್ಲಿ ಇರುವುದಿಲ್ಲ. ಟಬ್ಬಿನ ಸ್ನಾನಕ್ಕಿಂತ ಎಷ್ಟೋ ವಾಸಿ. 14 ತಿಂಗಳಿಗೆ ಅವನು ಒದ್ದಾಡಿ ಏಳಲು ನೋಡುತ್ತಾನೆ, ಎಣ್ಣೆ ಬೇರೆ, ಮೀನಿನ ಹಾಗೆ ಜಾರುತ್ತಾನೆ. ಎಣ್ಣೆಯನ್ನು ರೂಮಿನಲ್ಲೇ ಹಚ್ಚಿ, ಒಂದು ಹಳೆ ಬಟ್ಟೆಯಿಂದ ಒರೆಸಿ ಒಳಗೆ ತನ್ನಿ. ಬಾತ್‌ರೂಮಿನ ನೆಲಕ್ಕೆ ಎಣ್ಣೆ ಬಿದ್ದರೆ ಸೋಪಿನ ಪುಡಿ ಹಾಕಿ ಆಗಲೇ ತಿಕ್ಕಿಬಿಡಿ. ಮಗುವಿಗಿಂತ ಮೊದಲು ಅತ್ತೆಯವರೇ ಬೀಳುತ್ತಾರೆ, ಅವರ ಸೊಂಟದ ಮೂಳೆ ಮುರಿದರೆ ಆರು ತಿಂಗಳ ಮಾತು.

ರಾಡ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ಓಡಾಡುವ ಮಗು ಇರುವ ಮನೆಯಲ್ಲಿ ರಾಡ್ ಬೇಡ. ಒಂದು ಬಕೆಟ್ ಕಾಯಲು ಅರ್ಧ ಗಂಟೆ. ಅಷ್ಟು ಹೊತ್ತು ನೆಲದ ಮೇಲೆ ಕರೆಂಟೂ ಇದೆ, ಕುದಿ ನೀರೂ ಇದೆ, ಎಳೆಯಲು ಒಂದು ವೈರೂ ಇದೆ. ನೀರಿಗೆ ಕರೆಂಟ್ ಇಳಿದಿದ್ದರೆ ನೋಡಿದರೆ ತಿಳಿಯುವುದಿಲ್ಲ. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಒಂದನ್ನು ಗೋಡೆಗೆ ಹಾಕಿಸಿಕೊಳ್ಳಿ. ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಯಜಮಾನರ ಎಂಟು ಸಾವಿರದಲ್ಲಿ ದುಡ್ಡು ಹಾಕುವುದಾದರೆ ಇಲ್ಲಿ ಹಾಕಲಿ. ಅದರ ನೀರೂ ಬಿಸಿಯೇ ಬರುತ್ತದೆ, ತಣ್ಣೀರು ಮೊದಲು ಅನ್ನುವ ನಿಯಮ ಅಲ್ಲಿಗೂ ಅನ್ವಯ. ಜೊತೆಗೆ ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಕರೆಂಟ್ ಸೋರಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಲೈನು ಕಡಿಯುತ್ತದೆ. ಗ್ಯಾಸ್ ಗೀಸರ್ ಅಗ್ಗ ಅಂತ ಯಾರಾದರೂ ಹೇಳಿದರೆ, ಬಾತ್‌ರೂಮಿನ ಒಳಗೆ ಹಾಕುವುದಾದರೆ ಬೇಡ. ಗಾಳಿ ಆಡದ ಜಾಗದಲ್ಲಿ ಉರಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಸ್ವಂತ ಮನೆಯವರು ಓದುತ್ತಿದ್ದರೆ ಒಂದು ಮಾತು: ಬಿಸಿ ತಣ್ಣೀರನ್ನು ತಾನೇ ಹದ ಮಾಡಿ ಬಿಡುವ ಮಿಕ್ಸಿಂಗ್ ವಾಲ್ವ್ ಸಿಗುತ್ತದೆ. ಒಳ್ಳೆಯ ವಸ್ತು. ಆದರೆ ಎರಡೂ ಪೈಪಿನ ಒತ್ತಡ ಹೆಚ್ಚುಕಮ್ಮಿ ಸಮ ಇರಬೇಕು, ತಣ್ಣೀರು ನಿಂತ ದಿನ ಅದು ಕೆಲಸ ಮಾಡುವುದಿಲ್ಲ. ನಮ್ಮ ಕಡೆ ಹಾಕಿಸುವ ಮುಂಚೆ ಪ್ಲಂಬರ್ ಹತ್ತಿರ ಇದನ್ನು ಬಿಡಿಸಿ ಕೇಳಿ.

ಯಜಮಾನರ ಸಾಮಾನು

ಬಾತ್ ಸೀಟು ಬೇಡ. ತಳದ ರಬ್ಬರ್ ಬಟ್ಟಲು ನಮ್ಮ ಒರಟು ಟೈಲ್ಸಿಗೆ ಹಿಡಿಯುವುದಿಲ್ಲ, ಸೀಟು ಮಗುಚಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಮಗು 'ಭದ್ರವಾಗಿ ಕೂತಿದೆ' ಅಂತ ನಾವು ಫೋನ್ ಎತ್ತಿಕೊಳ್ಳಲು ಹೋಗುತ್ತೇವೆ. ಸ್ನಾನದ ಮಧ್ಯೆ ಹಾಲಿನವನು ಬೆಲ್ ಹೊಡೆದರೆ ಹೊಡೆಯಲಿ. ಹೋಗಲೇಬೇಕಾದರೆ ಮಗುವನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡೇ ಹೋಗಿ.

ಮ್ಯಾಟು ನಿಮ್ಮ ನೆಲ ನುಣುಪಾಗಿದ್ದರೆ ತೆಗೆದುಕೊಳ್ಳಿ. ದಿನಾ ಎತ್ತಿ ಒಣಗಿಸಬೇಕು, ಇಲ್ಲದಿದ್ದರೆ ಅಡಿಯಲ್ಲಿ ಲೋಳೆ ಕಟ್ಟಿ ಅದೇ ಜಾರುತ್ತದೆ. ಕಮೋಡಿನ ಲಾಕ್, ಬಾಗಿಲಿಗೆ ಕೊಂಡಿ ಇದ್ದ ಮೇಲೆ ಬೇಡ. ಮುಚ್ಚಳ ಹಾಕುವ ರೂಢಿ ಇರಲಿ. ಮೂಲೆಗೆ ಹಚ್ಚುವ ರಬ್ಬರನ್ನು ಮಗು ಕಿತ್ತು ತಿನ್ನುತ್ತದೆ, ಅದರಲ್ಲಿ ನನಗೆ ಅನುಭವವಿದೆ.

ನೀವು ಕೇಳದ ಒಂದು ವಿಷಯ

ನಿಮ್ಮ ಪತ್ರದಲ್ಲಿ ಬಾಟಲಿಗಳ ಸುದ್ದಿಯೇ ಇಲ್ಲ. ಕಮೋಡ್ ತೊಳೆಯುವ ಹಾರ್ಪಿಕ್‌ನಂಥದ್ದು ಆಸಿಡ್. ಕಟ್ಟಿದ ಮೋರಿ ಬಿಡಿಸುವ ಬಿಳಿ ಹರಳು ಕಾಸ್ಟಿಕ್ ಸೋಡಾ, ಅದು ಆಸಿಡ್‌ಗಿಂತ ಕೆಟ್ಟದ್ದು. ಅನ್ನನಾಳವನ್ನು ಒಳಗಿಂದ ಸುಟ್ಟರೆ ಮಗು ವರ್ಷಗಟ್ಟಲೆ ಆಸ್ಪತ್ರೆಗೆ ತಿರುಗಬೇಕಾಗುತ್ತದೆ. ಗಾಡಿಯವನ ಹತ್ತಿರ ಆಸಿಡ್, ಫಿನಾಯಿಲ್ ಕೊಂಡು ಹಳೆ ನೀರಿನ ಬಾಟಲಿಗೆ ತುಂಬಿಡುವುದು ನಮ್ಮ ಊರಿನಲ್ಲಿ ಎಲ್ಲ ಕಡೆ ಇದೆ. ಮಗುವಿಗೆ ಆ ಬಾಟಲಿ ಅಂದರೆ ನೀರು. ನೀರಿಗೆ ಬಿದ್ದ ಫಿನಾಯಿಲ್ ಹಾಲಿನ ಹಾಗೆ ಕಾಣುತ್ತದೆ. ಕಮೋಡಿನ ಹಿಂದೆ, ಸಿಂಕಿನ ಕೆಳಗೆ ಏನೂ ಬೇಡ. ಎಲ್ಲವೂ ಲಾಫ್ಟಿಗೆ, ತಂದ ಬಾಟಲಿಯಲ್ಲೇ ಇರಲಿ. ಡಾಂಬರ್ ಗುಳಿಗೆಯನ್ನು ಮೋರಿಯ ಜಾಲರಿಯ ಮೇಲೆ ಹಾಕುವ ರೂಢಿ ಇದ್ದರೆ ಬಿಡಿ. ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹೋಗುತ್ತದೆ, ಕೆಲವು ಮಕ್ಕಳಲ್ಲಿ ಅದು ರಕ್ತದ ಕಣಗಳನ್ನೇ ಒಡೆಯುತ್ತದೆ. ಆಸಿಡ್ಡಿನ ಜೊತೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಬೇಡಿ ಅಂತ ಮಾವಶಿಗೂ ಹೇಳಿ, ಕ್ಲೋರಿನ್ ಗ್ಯಾಸ್ ಏಳುತ್ತದೆ.

ಇಷ್ಟಾದರೂ ಏನಾದರೂ ಆದರೆ

ಸುಟ್ಟರೆ ಬಟ್ಟೆ, ಡೈಪರ್, ಉಡದಾರ, ಬಳೆ ತೆಗೆದು 20 ನಿಮಿಷ ನಲ್ಲಿಯ ತಣ್ಣೀರು ಹರಿಸಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ. ಉಳಿದ ಮೈ ಬೆಚ್ಚಗಿರಲಿ. ನೀರು ಬಾರದ ದಿನವಾದರೆ ಡ್ರಮ್ಮಿನ ನೀರನ್ನು ಮಗ್ಗಿನಿಂದ ಸುರಿಯುತ್ತಿರಿ. 20 ನಿಮಿಷ ಬಹಳ ಉದ್ದ ಅನಿಸುತ್ತದೆ, ಗಡಿಯಾರ ನೋಡಿ. ಐಸ್ ಬೇಡ. ಟೂತ್‌ಪೇಸ್ಟ್, ಅರಿಶಿನ, ಇಂಕು ಬೇಡ. ಅದನ್ನೆಲ್ಲ ನಾವು ಆಮೇಲೆ ಮಗುವಿನ ಗಾಯದಿಂದ ತಿಕ್ಕಿ ತೆಗೆಯಬೇಕಾಗುತ್ತದೆ. ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಬನ್ನಿ.

ಬಾಟಲಿಯಿಂದ ಏನಾದರೂ ಕುಡಿದರೆ ವಾಂತಿ ಮಾಡಿಸಬೇಡಿ. ಉಪ್ಪು ನೀರು ಕುಡಿಸಬೇಡಿ. ಸುಟ್ಟುಕೊಂಡು ಇಳಿದದ್ದು ಸುಟ್ಟುಕೊಂಡೇ ಮೇಲೆ ಬರುತ್ತದೆ. ಬಾಯಿ ಒರೆಸಿ, ಬಾಟಲಿಯನ್ನು ಜೊತೆಗೇ ತನ್ನಿ. ದೆಹಲಿಯ ಏಮ್ಸ್‌ನಲ್ಲಿ ವಿಷದ ಬಗ್ಗೆ ಹಗಲು ರಾತ್ರಿ ಸಲಹೆ ಕೊಡುವ ರಾಷ್ಟ್ರೀಯ ಕೇಂದ್ರವಿದೆ, 1800 116 117. ಆಂಬುಲೆನ್ಸಿಗೆ 108.

ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗೆ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಎರಡೂ ತಪ್ಪು. ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಗದ್ದ ಸ್ವಲ್ಪ ಮೇಲೆತ್ತಿ, ಮೊದಲು ಬಾಯಿಂದ ಉಸಿರು ಕೊಡಿ. ಆಮೇಲೆ ಒಂದು ಅಂಗೈಯಿಂದ ಎದೆಯ ಮಧ್ಯ 30 ಸಲ ಜೋರಾಗಿ ಒತ್ತಿ, ಮತ್ತೆ 2 ಸಲ ಉಸಿರು. ಎದೆ ಮೂರನೇ ಒಂದು ಭಾಗದಷ್ಟು ಇಳಿಯಬೇಕು, ನಿಮಿಷಕ್ಕೆ 100ರಿಂದ 120ರ ವೇಗ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗು ಅತ್ತು ಸರಿಹೋದ ಹಾಗೆ ಕಂಡರೂ ಆಸ್ಪತ್ರೆಗೆ ತನ್ನಿ, ಕೆಲವು ತಾಸಿನ ಮೇಲೆ ಉಸಿರಾಟ ಕೆಡುವುದುಂಟು.

ಓದಿ ಕಲಿಯುವ ಕೆಲಸ ಅಲ್ಲ ಇದು. ಗೊಂಬೆಯ ಮೇಲೆ ಕೈಯಾರೆ ಮಾಡಿ ಕಲಿಸುವ ತರಗತಿಗಳು ಪುಣೆಯಲ್ಲಿ ಅಲ್ಲಲ್ಲಿ ಆಗುತ್ತವೆ, ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ಎರಡು ಗಂಟೆಯ ಕೆಲಸ. ಹಗಲು ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಇರುವವರು ಅತ್ತೆಯವರು ತಾನೇ, ಅವರನ್ನೂ ಕರೆದುಕೊಂಡು ಹೋಗಿ. ನೆಲಕ್ಕೆ ಕೂರಲು ಮಂಡಿ ಬಿಡದಿದ್ದರೆ ಗೊಂಬೆಯನ್ನು ಮೇಜಿನ ಮೇಲಿಡಿ ಅಂತ ಕೇಳಿಕೊಳ್ಳಿ, ಇಡುತ್ತಾರೆ.